ಅನುಪಮಾ ನಿರಂಜನ

ಅನುಪಮಾ ನಿರಂಜನ (1934–1991): ಕನ್ನಡದ ಕಾದಂಬರಿಕಾರ್ತಿ, ಕಥೆಗಾರ್ತಿ, ವೈದ್ಯೆ. ಹೆಣ್ಣಿನ ದೇಹ ಮತ್ತು ಆರೋಗ್ಯದ ಬಗ್ಗೆ ಸಂಕೋಚವಿಲ್ಲದೆ, ತಿಳಿಗನ್ನಡದಲ್ಲಿ ಬರೆದವರಲ್ಲಿ ಪ್ರಮುಖರು. ಕಾಯಿಲೆಯನ್ನು ವೈದ್ಯೆಯಾಗಿ ಕಂಡರು, ಪತಿಯ ಆರೈಕೆಯಲ್ಲಿ ಅರಿತರು, ಕೊನೆಗೆ ಸ್ವತಃ ಅನುಭವಿಸಿದರು.

ಜೀವನ: ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ. ಮೊದಲ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದಿ, ‘ಚಿರಸ್ಮರಣೆ’ ಕಾದಂಬರಿಯ ಲೇಖಕ ನಿರಂಜನ (ಕುಳಕುಂದ ಶಿವರಾಯ) ಅವರನ್ನು ಮದುವೆಯಾದರು. ಮೊದಲು ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸಿದರು. 1970ರ ದಶಕದಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. 25 ಸಂಪುಟಗಳ ‘ವಿಶ್ವಕಥಾಕೋಶ’ವನ್ನು ಅವರು ಸಂಪಾದಿಸಿದ್ದು ಆ ಬಳಿಕವೇ. ಆ ವರ್ಷಗಳಲ್ಲೂ ಅನುಪಮಾ ಬರೆಯುತ್ತಲೇ ಇದ್ದರು.

ಕೃತಿಗಳು: ‘ತಾಯಿ ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಮುಂತಾದ ಪುಸ್ತಕಗಳು, ಮನೆಯಲ್ಲಿ ಯಾರನ್ನೂ ಕೇಳಲಾಗದ ಪ್ರಶ್ನೆಗಳಿಗೆ ಹೆಣ್ಣುಮಕ್ಕಳಿಗೆ ಉತ್ತರ ಕೊಟ್ಟವು. ಕಾದಂಬರಿಗಳಲ್ಲಿ ‘ಮಾಧವಿ’ ವಿಶಿಷ್ಟವಾದದ್ದು. ಅದರ ವಸ್ತು ಮಹಾಭಾರತದ ಉದ್ಯೋಗಪರ್ವದ್ದು: ಒಂದು ಕಿವಿ ಮಾತ್ರ ಕಪ್ಪಾಗಿರುವ 800 ಬಿಳಿ ಕುದುರೆಗಳನ್ನು ಗಾಲವನು ಗುರುದಕ್ಷಿಣೆಯಾಗಿ ಕೊಡಬೇಕು, ಅದಕ್ಕಾಗಿ ಯಯಾತಿಯ ಮಗಳು ಮಾಧವಿ ಮೂವರು ರಾಜರಿಗೂ ಗುರು ವಿಶ್ವಾಮಿತ್ರನಿಗೂ ಒಬ್ಬೊಬ್ಬ ಮಗನನ್ನು ಹೆತ್ತುಕೊಡುತ್ತಾಳೆ. ಹೆಣ್ಣಿನ ಒಡಲನ್ನೇ ವಿನಿಮಯಕ್ಕಿಟ್ಟ ಈ ಕಥೆಯನ್ನು ಅನುಪಮಾ ಮಾಧವಿಯ ಕಡೆ ನಿಂತು ಹೇಳಿದರು. ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1984ರಲ್ಲಿ ಚಲನಚಿತ್ರವಾಗಿಸಿದರು. ಮಕ್ಕಳಿಗಾಗಿ ಬರೆದ ‘ದಿನಕ್ಕೊಂದು ಕಥೆ’ ತಿಂಗಳಿಗೊಂದರಂತೆ 12 ಸಂಪುಟಗಳಲ್ಲಿ ಬಂತು.

ಅನಾರೋಗ್ಯ: ಅನುಪಮಾ ಕ್ಯಾನ್ಸರ್‌ಗೆ ತುತ್ತಾದರು. ಆ ಹೆಸರನ್ನೇ ಎತ್ತಲು ಜನ ಹೆದರುತ್ತಿದ್ದ ಕಾಲದಲ್ಲಿ ‘ಕ್ಯಾನ್ಸರ್ ಜಗತ್ತು’ ಎಂಬ ಪುಸ್ತಕವನ್ನೇ ಬರೆದರು. ಅವರ ಆತ್ಮಕಥನ ‘ನೆನಪು: ಸಿಹಿ-ಕಹಿ’. ಜಪಾನಿನ ಕಾದಂಬರಿಕಾರ್ತಿ ಮಿಉರಾ ಅಯಾಕೊ (1922–1999) ಅವರ ಬದುಕು ಇಲ್ಲಿ ನೆನಪಾಗುತ್ತದೆ. ಕ್ಷಯ ಬೆನ್ನುಮೂಳೆಗೂ ತಗುಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಅವರು, ಮುಂದೆ ಪತಿಗೆ ಹೇಳಿ ಬರೆಸುತ್ತ ಕಾದಂಬರಿಗಳನ್ನು ಪೂರೈಸಿದರು. ಅನುಪಮಾ ಅವರ ವೈಶಿಷ್ಟ್ಯವೆಂದರೆ, ರೋಗಿಯ ಸಂಕಟವೂ ವೈದ್ಯೆಯ ತಿಳಿವಳಿಕೆಯೂ ಒಬ್ಬರಲ್ಲೇ ಕೂಡಿದ್ದು.

ಅವರು 1991ರ ಫೆಬ್ರವರಿಯಲ್ಲಿ ತೀರಿಕೊಂಡರು. ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ‘ಅನುಪಮಾ ಪ್ರಶಸ್ತಿ’ ನೀಡುತ್ತಿದೆ. ಎಚ್. ಗಿರಿಜಮ್ಮ, ವಸುಂಧರಾ ಭೂಪತಿ ಮೊದಲಾದ ವೈದ್ಯ ಲೇಖಕಿಯರು ಅನುಪಮಾ ಹಾಕಿಕೊಟ್ಟ ದಾರಿಯನ್ನು ಇನ್ನಷ್ಟು ವಿಸ್ತರಿಸಿದರು.