ಬಾಲಿಕೆಯರ ಗಣಿತಸಿದ್ಧಿ: ಲೋಕದ ಮಾಪನಗಳೂ ಅರಂತೋಡಿನ ಶಾಲೆಯೂ

ಹೆಣ್ಣುಮಕ್ಕಳಿಗೆ ಗಣಿತವು ಒಗ್ಗುವುದಿಲ್ಲವೆಂಬ ಮಾತು ನಮ್ಮ ಸಮಾಜದಲ್ಲಿ ಬಹುಕಾಲದಿಂದ ರೂಢಿಗೊಂಡಿರುವುದರಿಂದ, ಅದನ್ನು ಪರೀಕ್ಷಿಸಿ ನೋಡಬೇಕೆಂಬ ಅಪೇಕ್ಷೆಯೇ ಅನೇಕರಲ್ಲಿ ಹುಟ್ಟದು. ಹದಿನೈದರ ಪ್ರಾಯದ ಲಕ್ಷಾಂತರ ವಿದ್ಯಾರ್ಥಿಗಳ ಉತ್ತರಗಳನ್ನು ಏಕರೂಪದ ಮಾನದಂಡದಿಂದ ಅಳೆದ ಅಂತರರಾಷ್ಟ್ರೀಯ ಸಮೀಕ್ಷೆಗಳು ಈಗ ನಮ್ಮ ಮುಂದಿವೆ. ಪಯಸ್ವಿನಿಯ ಕಣಿವೆಯಲ್ಲಿ, ಅಡಿಕೆ ರಬ್ಬರುಗಳ ತೋಟಗಳ ನಡುವೆ ಇರುವ ಸುಳ್ಯ ತಾಲೂಕಿನ ಅರಂತೋಡಿನಂತಹ ಗ್ರಾಮದ ಹೆಣ್ಣುಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವುಗಳನ್ನು ಓದಿದರೆ ಏನು ತಿಳಿದುಬರುತ್ತದೆಂಬುದೇ ಪ್ರಸ್ತುತ ಲೇಖನದ ವಿಚಾರ.

ಒ.ಇ.ಸಿ.ಡಿ. ಎಂಬ ರಾಷ್ಟ್ರಸಂಘಟನೆಯು 2000ದಲ್ಲಿ ಆರಂಭಿಸಿದ ಪಿಸಾ ಪರೀಕ್ಷೆಯ 2022ರ ಸುತ್ತಿನಲ್ಲಿ 81 ದೇಶ-ಪ್ರದೇಶಗಳ ಸುಮಾರು 6,90,000 ವಿದ್ಯಾರ್ಥಿಗಳು ಪಾಲ್ಗೊಂಡರು. ಸದಸ್ಯರಾಷ್ಟ್ರಗಳ ಸರಾಸರಿಯಲ್ಲಿ ಬಾಲಕರು ಗಣಿತದಲ್ಲಿ 9 ಅಂಕ ಮುಂದಿದ್ದರೆ, ವಾಚನದಲ್ಲಿ ಬಾಲಿಕೆಯರು 24 ಅಂಕ ಮುಂದಿದ್ದರು. ಒಂಬತ್ತು ಅಂಕವೆಂದರೆ ಎಷ್ಟು? ವಿದ್ಯಾರ್ಥಿಗಳ ಅಂಕಗಳು ಸರಾಸರಿಯ ಆಚೀಚೆ ಹರಡಿಕೊಂಡಿರುವ ವ್ಯಾಪ್ತಿಯನ್ನು, ಅಂದರೆ ಮಾನಕ ವಿಚಲನೆಯನ್ನು, ಗಮನಿಸಿದರೆ ಇದು ಅದರ ಹತ್ತನೆಯ ಒಂದು ಭಾಗದಷ್ಟು ಮಾತ್ರ; ಯಾದೃಚ್ಛಿಕವಾಗಿ ಆರಿಸಿದ ಒಬ್ಬ ಬಾಲಕನನ್ನೂ ಒಬ್ಬ ಬಾಲಿಕೆಯನ್ನೂ ಹೋಲಿಸುತ್ತ ಹೋದರೆ, ನೂರಕ್ಕೆ ಸರಿಸುಮಾರು 53 ಬಾರಿ ಬಾಲಕನೂ 47 ಬಾರಿ ಬಾಲಿಕೆಯೂ ಮುಂದಿರುವರೆಂಬುದೇ ಇದರ ತಾತ್ಪರ್ಯ. ಇಷ್ಟು ಕ್ಷೀಣವಾದ ವ್ಯತ್ಯಾಸದ ಮೇಲೆ ಒಬ್ಬ ಹುಡುಗಿಯ ಭವಿತವ್ಯವನ್ನು ನಿರ್ಣಯಿಸುವುದು ಅನ್ಯಾಯವೇ ಸರಿ.

ಈ ವ್ಯತ್ಯಾಸವಾದರೂ ಸಾರ್ವತ್ರಿಕವೆ? ಅಲ್ಲ. ಅದೇ ಸುತ್ತಿನಲ್ಲಿ 40 ಪ್ರದೇಶಗಳಲ್ಲಿ ಬಾಲಕರೂ 17ರಲ್ಲಿ ಬಾಲಿಕೆಯರೂ ಮುಂದಿದ್ದು, ಉಳಿದ 24ರಲ್ಲಿ ಗಣನೀಯವಾದ ಭೇದವೇ ಕಾಣಲಿಲ್ಲ. 2003ರಲ್ಲಿ ಐಸ್‌ಲೆಂಡಿನ ಬಾಲಿಕೆಯರು ತಮ್ಮ ದೇಶದ ಬಾಲಕರನ್ನು ಸ್ಪಷ್ಟವಾಗಿ ಮೀರಿಸಿದರು. ಟಿಮ್ಸ್ ಎಂಬ ಮತ್ತೊಂದು ಪರೀಕ್ಷೆಯ ಎಂಟನೆಯ ತರಗತಿಯ ಗಣಿತದಲ್ಲಿ ಒಮಾನ್, ಬಹರೈನ್‌ಗಳ ಬಾಲಿಕೆಯರು ಮುಂದಿರುವುದು ಪ್ರಸಿದ್ಧ. ನಿಸರ್ಗವೇ ವಿಧಿಸಿದ ನ್ಯೂನತೆಯಾಗಿದ್ದ ಪಕ್ಷದಲ್ಲಿ ಅದು ದೇಶದಿಂದ ದೇಶಕ್ಕೆ ಹೀಗೆ ತಲೆಕೆಳಗಾಗುತ್ತಿರಲಿಲ್ಲ.

ಕಾರಣವನ್ನು ಬೇರೆಡೆ ಅರಸಬೇಕು. ಈ ವಿಷಯದಲ್ಲಿ 2012ರ ಪಿಸಾ ನೀಡುವ ಸೂಚನೆ ಅತ್ಯಂತ ಬೆಲೆಯುಳ್ಳದ್ದು. ಗೊತ್ತಿರುವ ಸೂತ್ರವನ್ನು ಪ್ರಯೋಗಿಸುವ ಪ್ರಶ್ನೆಗಳಲ್ಲಿ ಬಾಲಕ-ಬಾಲಿಕೆಯರ ಅಂತರ 9 ಅಂಕಗಳಿದ್ದರೆ, ಲೌಕಿಕ ಸನ್ನಿವೇಶವೊಂದನ್ನು ತಾವೇ ಗಣಿತರೂಪಕ್ಕೆ ತರಬೇಕಾದ ಪ್ರಶ್ನೆಗಳಲ್ಲಿ ಅದು 16ಕ್ಕೆ ಏರಿತು. ಒಂಬತ್ತಡಿ ಅಂತರದಲ್ಲಿ ಎಕರೆಗೆ ಎಷ್ಟು ಅಡಿಕೆಸಸಿ ಹಿಡಿಯುತ್ತದೆಂದು ಕೇಳಿದರೆ, 43,560 ಚದರಡಿಯನ್ನು 81ರಿಂದ ಭಾಗಿಸಿ ಸುಮಾರು 538 ಎಂದು ಹೇಳುವುದು ಮೊದಲನೆಯ ಬಗೆ. ಇಳಿಜಾರಾದ, ನಡುವೆ ತೋಡು ಹರಿಯುವ, ಅಂಚು ವಕ್ರವಾದ ಒಂದು ಜಾಗವನ್ನು ತೋರಿಸಿ, ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನೂ ಅವಳಿಗೇ ಬಿಡುವುದು ಎರಡನೆಯ ಬಗೆ. ಓದಿ ಗ್ರಹಿಸುವುದರಲ್ಲಿ ಬಾಲಿಕೆಯರೇ ಮುಂದಿರುವಾಗ, ಸನ್ನಿವೇಶವು ಅವರಿಗೆ ಅರ್ಥವಾಗಲಿಲ್ಲವೆನ್ನುವಂತಿಲ್ಲ. ಅರ್ಥವಾದುದನ್ನು ಸ್ವಂತ ಹೊಣೆಯಿಂದ ಗಣಿತವಾಗಿ ಮಾರ್ಪಡಿಸುವ ಧೈರ್ಯವು ಅವರಿಗೆ ದೊರೆತಿಲ್ಲವೆಂದೇ ನನ್ನ ಅಭಿಪ್ರಾಯ. ಸಮಾನವಾದ ಆತ್ಮವಿಶ್ವಾಸವೂ ಸಮಾನವಾದ ಆತಂಕವೂ ಉಳ್ಳ ಬಾಲಕ-ಬಾಲಿಕೆಯರನ್ನು ಹೋಲಿಸಿದಾಗ ಅಂತರವೇ ಅಳಿಸಿಹೋಗುತ್ತದೆಂಬ ಅದೇ ಸಮೀಕ್ಷೆಯ ನಿರ್ಣಯವು ಈ ಅಭಿಪ್ರಾಯವನ್ನು ಪುಷ್ಟಿಗೊಳಿಸುತ್ತದೆ. ಗುಂಡಿ ತೆಗೆಸುವ ದಿನ ಅಳತೆಯ ಹಗ್ಗ ಹಿಡಿಯಲು ಮಗನನ್ನು ಕೂಗುವ ತಂದೆ ಮಗಳನ್ನೂ ಕೂಗಿದ್ದಾದರೆ, ಅದು ಶಾಲೆಯ ಪಾಠಕ್ಕಿಂತ ಕಡಮೆಯ ಶಿಕ್ಷಣವಾಗಲಾರದು.

ಕರ್ನಾಟಕದ ಬಾಲಿಕೆಯರು ಪಿಸಾದ ತಕ್ಕಡಿಯನ್ನು ಏರಿಯೇ ಇಲ್ಲ. ಭಾರತದಿಂದ 2009ರ ಸುತ್ತಿನ ವಿಸ್ತರಣೆಯಲ್ಲಿ ತಮಿಳುನಾಡು, ಹಿಮಾಚಲಪ್ರದೇಶಗಳು ಮಾತ್ರ ಪಾಲ್ಗೊಂಡು, 74 ಪ್ರದೇಶಗಳ ಪಟ್ಟಿಯ ಕೊನೆಯ ಸಮೀಪದಲ್ಲಿ ನಿಂತವು. ಪ್ರಶ್ನೆಗಳು ನಮ್ಮ ಜೀವನಸಂದರ್ಭಕ್ಕೆ ಹೊಂದುವುದಿಲ್ಲವೆಂದು ದೇಶವು ಹಿಂದೆ ಸರಿಯಿತು. ನಮ್ಮಲ್ಲಿರುವ ಸಾಕ್ಷ್ಯಗಳಲ್ಲಿ ಒಂದು ಎಸ್.ಎಸ್.ಎಲ್.ಸಿ. ಪರೀಕ್ಷೆ. 2024ರಲ್ಲಿ ರಾಜ್ಯದ ಬಾಲಿಕೆಯರಲ್ಲಿ ಶೇ. 81.11, ಬಾಲಕರಲ್ಲಿ ಶೇ. 65.90 ಮಂದಿ ತೇರ್ಗಡೆಯಾದರು. ದಕ್ಷಿಣ ಕನ್ನಡ ಶೇ. 92.12ರೊಡನೆ ಉಡುಪಿಯ ನಂತರದ ಸ್ಥಾನದಲ್ಲಿತ್ತು. ಆದರೆ ಇದರಿಂದ ಗಣಿತದಲ್ಲಿಯೂ ಬಾಲಿಕೆಯರೇ ಮುಂದೆಂದು ಸಾಧಿಸಹೊರಡುವುದು ದುಡುಕು. ಇದು ಎಲ್ಲ ವಿಷಯಗಳ ಒಟ್ಟು ತೇರ್ಗಡೆ. ಅಭ್ಯಾಸಬಲದಿಂದ ಬಿಡಿಸಬಹುದಾದ ಪ್ರಶ್ನೆಗಳಿಗೆ ಅಲ್ಲಿ ದೊಡ್ಡ ಪಾಲು ಇರುವುದರಿಂದ, ಮೇಲೆ ಹೇಳಿದ ಎರಡನೆಯ ಬಗೆಯ ಸಾಮರ್ಥ್ಯವು ಅದರಲ್ಲಿ ಬೆಳಕಿಗೆ ಬರುವುದು ಅಲ್ಪ.

ನಿಜವಾದ ಕವಲು ಹತ್ತನೆಯ ತರಗತಿಯ ಆಚೆಗಿದೆ. ಅರಂತೋಡಿನಲ್ಲಿ ನೆಹರು ಸ್ಮಾರಕ ಪದವಿಪೂರ್ವ ಕಾಲೇಜಿದೆ. ಕುರುಂಜಿ ವೆಂಕಟರಮಣ ಗೌಡರ ಉದ್ಯಮಶೀಲತೆಯಿಂದ ಸುಳ್ಯದಲ್ಲಿ 1976ರಲ್ಲಿ ಪದವಿ ಕಾಲೇಜೂ 1986ರಲ್ಲಿ ಇಂಜಿನಿಯರಿಂಗ್ ಕಾಲೇಜೂ ತಲೆಯೆತ್ತಿದವು. ಆದಕಾರಣ ದೂರದ ನೆಪ ಇಲ್ಲಿ ಸಲ್ಲದು. ಸಮಾನ ಅಂಕ ಪಡೆದ ಮಕ್ಕಳಲ್ಲಿಯೂ ಗಣಿತ-ವಿಜ್ಞಾನಗಳ ವೃತ್ತಿಯನ್ನು ತಂದೆತಾಯಿಗಳು ಹೆಚ್ಚಾಗಿ ಮಗನಿಂದಲೇ ನಿರೀಕ್ಷಿಸುತ್ತಾರೆಂದು ಪಿಸಾ ಹಲವು ದೇಶಗಳಲ್ಲಿ ಕಂಡಿದೆ. ವಿಷಯಗಳನ್ನು ಆರಿಸಿಕೊಳ್ಳುವ ದಿನ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು. ಮನೆಯ ಒತ್ತಾಸೆ ಎಷ್ಟು ದೂರ ಕೊಂಡೊಯ್ಯಬಲ್ಲುದೆಂಬುದಕ್ಕೆ ಕನ್ನಡನಾಡಿನಲ್ಲೇ ದೃಷ್ಟಾಂತವುಂಟು: 1922ರಲ್ಲಿ ಜನಿಸಿ, ಅಜ್ಜಿ ಕಮಲಮ್ಮ ದಾಸಪ್ಪನವರು ಕಟ್ಟಿದ ಶಾಲೆಯಲ್ಲಿ ಓದು ತೊಡಗಿ, ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಎಂ.ಎಸ್ಸಿ.ಯಲ್ಲಿ ಪ್ರಥಮಸ್ಥಾನ ಗಳಿಸಿ, 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ರಾಜೇಶ್ವರಿ ಚಟರ್ಜಿಯವರು ಕರ್ನಾಟಕದ ಪ್ರಥಮ ಮಹಿಳಾ ಇಂಜಿನಿಯರರೆನಿಸಿದರು.

ಈ ವಿಚಾರವನ್ನು ಸಾಕ್ಷ್ಯದಿಂದ ಪರೀಕ್ಷಿಸಲು, ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ನಡೆಸುವ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ಗಣಿತದ ಅಂಕಗಳನ್ನು ತಾಲೂಕುವಾರಾಗಿ, ಬಾಲಕ-ಬಾಲಿಕೆಯರನ್ನು ಬೇರ್ಪಡಿಸಿ, ಪ್ರಶ್ನೆಯ ಬಗೆಗೆ ಅನುಗುಣವಾಗಿ ವಿಂಗಡಿಸಿ ಸಂಶೋಧಕರ ಕೈಗೆ ಕೊಡಲಿ. ಮನೆಯಲ್ಲಿ ಅರೆಭಾಷೆಯನ್ನೋ ತುಳುವನ್ನೋ ಮಲಯಾಳವನ್ನೋ ಆಡಿ ಶಾಲೆಯಲ್ಲಿ ಕನ್ನಡದಲ್ಲಿ ಕಲಿಯುವ ಈ ಸೀಮೆಯ ಮಕ್ಕಳಿಗಾಗಿ, ಸನ್ನಿವೇಶವನ್ನು ಗಣಿತರೂಪಕ್ಕೆ ತರುವ ಪ್ರಶ್ನೆಗಳನ್ನು ಕನ್ನಡದಲ್ಲಿಯೇ ರಚಿಸಿ, ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಮೊದಲ ಪ್ರಯೋಗವನ್ನು ನಡೆಸಲಿ.