ಈ ಕೊಡ ಯಾರ ಮನೀದು?

ಹ್ವಾದ ವರ್ಷ ಕಾರ್ತೀಕದಾಗ ನಮ್ಮ ಓಣಿ ಹೆಣ್ಣಮಕ್ಕಳೆಲ್ಲಾ ಕೂಡಿ ಒಂದು ಗಾಡಿ ಮಾಡಿಕೊಂಡು ಗೋಕರ್ಣಕ್ಕ ಹೋಗಿ ಬಂದ್ವಿ. ತಿರ್ಲಾಪುರ ಬಿಟ್ಟು ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ ಘಟ್ಟ ಇಳದ್ರ ಅಂಕೋಲಾ. ನಮ್ಮ ಎರಿ ಹೊಲದ ಕಣ್ಣಿಗೆ ಆ ಹಸರ ನೋಡೂದ ಒಂದು ಹಬ್ಬ. ಬರೂ ಮುಂದ ಅಂಕೋಲಾದ ಈಚಿ ಕಡೆ ಚಾ ಕುಡಿಯಾಕ ಇಳದ್ವಿ. ಬಾಜೂಕ ಒಂದು ಹಳೇ ಸಾಮಾನಿನ ಅಂಗಡಿ. ಕೆತ್ತನಿ ಬಾಗಲಾ, ಮುರದ ಮನಿಯ ಕಂಬ, ಗ್ವಾಡಿ ಗಡಿಯಾರ, ತೂಗ ದೀಪ, ಬೀಸೂ ಕಲ್ಲು, ಹಿತ್ತಾಳಿ ಗಂಗಾಳ, ಎಲ್ಲಾ ಧೂಳದಾಗ ಕುಂತಿದ್ದವು. ಮೂಲ್ಯಾಗ ಒಂದು ತಾಮ್ರದ ಕೊಡ ಇತ್ತು. ಬಡದು ಮಾಡಿದ್ದು, ಮೈ ತುಂಬ ಸುತ್ತಿಗಿ ಗುರುತು. ಅಂಗಡಿಯಾಂವ 2,600 ರೂಪಾಯಿ ಹೇಳಿದ. ನಾವು ಏಳ ಮಂದಿ ಹೆಣ್ಣಮಕ್ಕಳು ಕೂಡಿ ಚೌಕಾಶಿ ಮಾಡಿದ್ರ ಅಂವಾ ಏನ ಮಾಡಿಯಾನು? 2,200ಕ್ಕ ಬಂತು. ಗೆದ್ದಂಗ ಆತು ನನಗ. ದಾರಿ ತುಂಬ ತೊಡಿ ಮ್ಯಾಲ ಇಟಗೊಂಡು ಬಂದೆ.

ಮರುದಿನ ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕಿದೆ. ಕೊಡದ ಕೊಳ್ಳಿನ ಕೆಳಗ ಚುಕ್ಕಿ ಚುಕ್ಕಿ ಹೊಡದು ಬರದ ಅಕ್ಷರ ಎದ್ದವು. ಒಬ್ಬ ಹೆಣ್ಣಮಗಳ ಹೆಸರು, ಅದರ ಮುಂದ 1958. ಖುಷಿಯಿಂದ ಅತ್ತಿಗೆ ತೋರಿಸಾಕ ಹೋದೆ. ಅತ್ತಿ ಕೊಡದ ಮ್ಯಾಲ ಕೈ ಆಡಿಸಿದ್ರು, ಅಕ್ಷರಕ್ಕ ಬೆರಳು ತಾಕಿದ ಕೂಡಲೇ ಕೈ ಹಿಂದಕ ತಗೊಂಡ್ರು.

"ಈ ಕೊಡ ಯಾರ ಮನೀದವ್ವಾ?"

"ಅಂಗಡ್ಯಾಗ ತಗೊಂಡೇನ್ರಿ ಅತ್ತಿ."

"ಅಂಗಡಿಗೆ ಯಾರ ಮನ್ಯಾಗಿಂದ ಬಂತು? ಹೆಣ್ಣಮಗಳು ತನ್ನ ಹೆಸರ ಹಾಕಿಸಿದ ಕೊಡ ಸುಮ್ಮ ಸುಮ್ಮನ ಕೊಡತಾಳೇನು?"

ಆ ಕೊಡದಾಗಿನ ನೀರ ಅವರು ಮುಟ್ಟಲಿಲ್ಲ. ನನಗ ಸಿಟ್ಟ ಬಂತು, ಸುಳ್ಳ ಯಾಕ ಹೇಳಲಿ. "ನೀವು ಸ್ಟೀಲಿಗೆ ಮಳ್ಳಾಗಿ ಮನ್ಯಾಗಿನ ಹಂಡೇ, ಕೊಡ ಎಲ್ಲಾ ಕೊಟ್ರಿ. ನಾ ಒಂದ ತಂದ್ರ ಬ್ಯಾಡ ಅಂತೀರಿ" ಅಂದೆ. ಇದು ನಮ್ಮ ಮನ್ಯಾಗ ಹಳೇ ಚ್ಯಾಷ್ಟಿ. ನಾ ಸೊಸಿಯಾಗಿ ಬಂದಾಗಿಂದ ಕೇಳೇನಿ: ಅತ್ತಿ ಹರೇದಾಗ ಸ್ಟೀಲಿನ ಹೊಳಪಿಗೆ ಮರುಳಾಗಿ ಆರು ತಾಮ್ರದ ಕೊಡ, ಒಂದು ದೊಡ್ಡ ಹಂಡೇ ಮಾರಿದ್ರು ಅಂತ. ನಾನೂ ಎಷ್ಟ ಸಲ ನಕ್ಕೇನಿ.

ಅವತ್ತ ಅತ್ತಿ ಬಾಯಿ ಬಿಟ್ರು. ಅದು 1972ರ ಬರ. ಅವರು ಬಂದು ಮೂರ ನಾಕ ವರ್ಷ ಆಗಿತ್ತು. ಎರಿ ಭೂಮಿ ಕಾಲ ಸಿಗಬೀಳೂವಂಗ ಬಿರಕ ಬಿಟ್ಟಿತ್ತು. ಹಗೇವಿನ ಜೋಳ ತೀರಿತ್ತು. ಗಂಡಸರು ಬರಗಾಲದ ಕೆಲಸಕ್ಕ ಕಲ್ಲ ಒಡಿಯಾಕ ಹೋದ್ರು. ದೊಡ್ಡ ಮಗ ಜಡ್ಡ ಬಿದ್ದಿತ್ತು. ಕೊಡ, ಹಂಡೇ ಚಕ್ಕಡ್ಯಾಗ ಹಾಕಿ, ಮ್ಯಾಲ ಕಣಿಕಿ ಮುಚ್ಚಿ, ರಾತ್ರಿ ಪ್ಯಾಟಿಗೆ ಒಯ್ದ್ರಂತ. ಮಂದಿ ನೋಡಬಾರದು ಅಂತ ಕಣಿಕಿ. "ತಾಮ್ರಕ್ಕ ತೂಕ ಹಾಕಿದ್ರು, ನಮ್ಮತ್ತಿ ಹೆಸರಿಗೆ ಯಾರೂ ತೂಕ ಹಾಕಲಿಲ್ಲ" ಅಂದ್ರು ಅತ್ತಿ. ಬಂದ ರೊಕ್ಕದಾಗ ಕಾಳು, ಔಷಧ. ಉಳದ ಪುಡಿಗಾಸಿನ್ಯಾಗ ಬೇಕಂತ ಎರಡ ಸ್ಟೀಲ ಡಬ್ಬಿ ತಂದ್ರು. ಓಣ್ಯಾಗ ಕೇಳಿದವರಿಗೆ ಆ ಡಬ್ಬಿ ತೋರಿಸಿ, "ಹಳೇವು ಕೊಟ್ಟು ಹೊಸಾವು ತಂದ್ವಿ" ಅಂತ ಹೇಳಿದ್ರು. ಐವತ್ತ ವರ್ಷ ಆ ಮಾತ ನಿಜ ಅಂತ ಉಳೀತು. ನಾನೂ ಅದನ್ನ ಹಿಡಕೊಂಡು ನಕ್ಕೆ.

ಆಮ್ಯಾಲ ನನಗ ಹಳೇ ಭಾಂಡೆ ನೋಡೂ ಕಣ್ಣ ಬದಲಾತು. ಒಂದು ಭಾಂಡೆ ಮನಿ ಬಿಟ್ಟು ಹೊರಗ ಬರಾಕ ಎಷ್ಟ ದಾರಿ ಅದಾವು ಅಂತ ಹುಡುಕ್ಕೋತ ಹೋದೆ. ಕೊಡ ಅಂಕೋಲಾದ್ದು ಅಲ್ಲಾ, ಅಲ್ಲಿಂದ ಸುರು ಮಾಡ್ತೇನಿ.

ಬ್ರಿಟಿಷರ ಕಾಲಕ್ಕ ನಮ್ಮ ಧಾರವಾಡ ಜಿಲ್ಲಾ, ಅವರ ಕಾರವಾರ ಜಿಲ್ಲಾ ಎರಡೂ ಮುಂಬಯಿ ಪ್ರಾಂತ್ಯದಾಗ ಇದ್ದವು. 1930ರಾಗ ಗಾಂಧೀಜಿ ದಾಂಡಿಯೊಳಗ ಉಪ್ಪ ಹಿಡದ್ರಲ್ಲಾ, ಅದಾಗಿ ಒಂದ ವಾರದಾಗ, ಏಪ್ರಿಲ್ 13ಕ್ಕ, ಅಂಕೋಲಾದ ದಂಡ್ಯಾಗ ಎಂ. ಪಿ. ನಾಡಕರ್ಣಿಯವರ ಮುಂದಾಳತನದಾಗ ಮಂದಿ ಉಪ್ಪ ಮಾಡಿ ಕಾಯ್ದೆ ಮುರದ್ರು. ಅದರ ಬೆನ್ನ ಹಿಂದ ಕರನಿರಾಕರಣೆ ಬಂತು. ಅಂಕೋಲಾ, ಘಟ್ಟದ ಮ್ಯಾಲಿನ ಸಿದ್ದಾಪುರ, ಈ ಕಡೆ ಹಿರೇಕೆರೂರ ತಾಲೂಕಿನ್ಯಾಗ ರೈತರು ಭೂಮಿ ಕಂದಾಯ ಕೊಡೂದಿಲ್ಲ ಅಂತ ಕುಂತ್ರು. 1932ರಾಗ ಮತ್ತ ಜೋರಾತು. ಅಂಕೋಲಾಕ್ಕ ಕರ್ನಾಟಕದ ಬಾರ್ಡೋಲಿ ಅಂತ ಹೆಸರ ಬಂದದ್ದ ಇದಕ್ಕ.

ಕರ ಕೊಡದಿದ್ರ ಸರಕಾರ ಸುಮ್ಮನ ಕುಂದರತೈತೇನು? ಜಪ್ತಿ ಮಾಡಿದ್ರು. ಜಪ್ತಿ ಅಂದ್ರ ನಮ್ಮಂಥ ಹಳ್ಳಿ ಹೆಣ್ಣಮಕ್ಕಳಿಗೆ ಬಿಡಿಸಿ ಹೇಳೂದು ಬ್ಯಾಡ. ಭೂಮಿ ಹೋತು, ದನ ಹೋದವು, ಮನ್ಯಾಗಿನ ಸಾಮಾನ ಹೊರಗ ಬಂತು. ಆಮ್ಯಾಲ ಹರಾಜು. ಹರಾಜಿನ್ಯಾಗ ಕಡಿಮಿ ಕಿಮ್ಮತ್ತಿಗೆ ಹಿಡಿಯವರೂ ಇದ್ರು. ಅವರು ಕದ್ದಿದ್ದಿಲ್ಲ, ರೊಕ್ಕ ಕೊಟ್ಟು ಕಾಯ್ದೇಶೀರ ಕೊಂಡಿದ್ರು. ಆದ್ರ ಕೊಂಡದ್ದ ತಪ್ಪು ಅಂತ ಹೇಳಾಕ ಹೆಣ್ಣಮಕ್ಕಳು ಎದ್ರು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯೊಳಗ, ಜೋಗದ ಹತ್ತರ, ಜಪ್ತಿ ಆಸ್ತಿ ಕೊಂಡವರ ಮನಿ ಮುಂದ ಹೋಗಿ ಉಪವಾಸ ಕುಂತ್ರು. ಬೈಲಿಲ್ಲ, ಕಲ್ಲ ಒಗೀಲಿಲ್ಲ. ನೀ ಕೊಂಡದ್ದು ಯಾರದು ಅನ್ನೂದು ನಿನಗ ನೆನಪಿರಲಿ ಅಂತ ಹಸಕೊಂಡು ಬಾಗಲದಾಗ ಕುಂತ್ರು. ಇವತ್ತೂ ಮಾವಿನಗುಂಡಿಯೊಳಗ ಆ ತಾಯಂದಿರ ನೆನಪಿನ ಸ್ಮಾರಕ ಐತಿ. ಜೋಗ ನೋಡಾಕ ಹೋದವರು ಹತ್ತ ನಿಮಿಷ ಇಳದು ಕೈ ಮುಗದು ಬರ್ರಿ. 1937ರಾಗ ಪ್ರಾಂತ್ಯದಾಗ ಕಾಂಗ್ರೆಸ್ ಸರಕಾರ ಬಂದ ಮ್ಯಾಲ ಜಪ್ತಿಯಾದ ಭೂಮಿ ಹೊಳ್ಳಿ ಕೊಡಿಸೂ ಕೆಲಸ ಆತು. ಆದ್ರ ತೂಕಕ್ಕ ಹೋದ ಕೊಡ ಹೊಳ್ಳಿ ಬರತಾವೇನು?

ಇದು ದೂರದ ಮಾತಲ್ಲ. ನಮ್ಮ ತಾಲೂಕಿನ್ಯಾಗೂ ಆ ಹೆದರಿಕಿ ಬಂದು ಹೋಗೇತಿ. ಮಲಪ್ರಭಾ ಕಾಲುವಿ ಬಂತು, ನೀರ ಎಲ್ಲರಿಗೂ ಸರೀ ಮುಟ್ಟೂಕಿಂತ ಮೊದಲ ಬೆಟರಮೆಂಟ ಲೆವಿ ಅಂತ ಕರ ಬಂತು. 1980ರ ಜುಲೈ 21ಕ್ಕ ನವಲಗುಂದ ನರಗುಂದದಾಗ ರೈತರು ಎದ್ದು ನಿಂತದ್ದು, ಗೋಲಿಬಾರ ಆದದ್ದು ನಿಮಗೆಲ್ಲಾ ಗೊತ್ತೈತಿ. ಪ್ರತಿ ವರ್ಷ ಆ ದಿನ ಹುತಾತ್ಮ ರೈತರ ಕಲ್ಲಿಗೆ ಮಾಲಿ ಹಾಕತಾರ. ಆವಾಗ ಜಪ್ತಿಗೆ ಬರತಾರ ಅಂತ ಸುದ್ದಿ ಎದ್ದು, ನಮ್ಮ ಅತ್ತಿ ಉಳದಿದ್ದ ಒಂದ ಹಿತ್ತಾಳಿ ಕೊಳಗ ಬಣವ್ಯಾಗ ಮುಚ್ಚಿ ಇಟ್ಟಿದ್ರಂತ. ಯಾರೂ ಬರಲಿಲ್ಲ. ಆದ್ರ ಕೊಳಗ ಬಣವಿಯಿಂದ ಹೊರಗ ಬರಾಕ ಎರಡ ತಿಂಗಳ ಹಿಡೀತು. ಈಗ ನಾವು ಮದುವಿ ಮುಂಜಿವಿಗೆ ಹುಗ್ಗಿ ಮಾಡೂದು ಅದ ಕೊಳಗದಾಗ.

ಹಂಗಂತ ಎಲ್ಲಾ ಹಳೇ ಸಾಮಾನಿನ ಹಿಂದ ಕಣ್ಣೀರ ಐತಿ ಅಂತ ನಾ ಹೇಳೂದಿಲ್ಲ. ಮಂದಿ ಖರೇನ ಸ್ಟೀಲಿಗೆ ಖುಷಿಪಟ್ಟು ಬದಲ ಮಾಡ್ಯಾರ. ತಾಮ್ರ ದಿನಾ ತಿಕ್ಕಬೇಕು, ಹಿತ್ತಾಳಿಗೆ ಕಲಾಯಿ ಹಾಕಿಸಬೇಕು, ಕಲಾಯಿ ಹ್ವಾದ್ರ ಹುಳಿ ಸಾರು ಕಿಲುಬು ಹಿಡೀತೈತಿ. ಭಾವ್ಯಾಗಿಂದ ತಲಿ ಮ್ಯಾಲ ಹೊತ್ತ ತರೂವಾಕಿಗೆ ತಾಮ್ರದ ಕೊಡ ಹಗರ ಅಲ್ಲ. ಯಮನೂರ ಜಾತ್ರ್ಯಾಗ ಸ್ಟೀಲ ಕೊಡ ಮಿಂಚಿದಾಗ ನಮ್ಮ ಅವ್ವಂದಿರು ತಗೊಂಡದ್ದು ತಪ್ಪಲ್ಲ. ಅವರ ಕುತಗಿ ನೋವು ನಾವು ಹೊತ್ತಿಲ್ಲ.

ಹಳೇದು ಮಾರೂದ ಬ್ಯಾರೆ ನಮೂನಿಯೂ ಐತಿ. ಗೋವಾದಾಗ ಅಂಜುನಾ ಅಂತ ದಂಡಿ ಐತಿ, ಅಲ್ಲಿ ಬುಧವಾರ ಸಂತಿ. 1970ರ ದಶಕದಾಗ ಪರದೇಶದಿಂದ ಬಂದ ಹಿಪ್ಪಿ ಮಂದಿ ಕೈಯಾಗಿನ ರೊಕ್ಕ ತೀರಿದಾಗ, ತಮ್ಮ ಅರಿವಿ, ರೇಡಿಯೋ, ಬ್ಯಾಗು ಮಾರಿ ಹೊಟ್ಟಿ ಹೊರಕೊಳ್ಳಾಕ, ಊರಿಗೆ ಹೋಗಾಕ ಆ ಸಂತಿ ಹಚ್ಚಿದ್ರು. ಆಮ್ಯಾಲ ನಮ್ಮ ಗದಗ ಕಡೆಯ ಲಮಾಣಿ ಹೆಣ್ಣಮಕ್ಕಳು ಅಲ್ಲಿಗೆ ಹೋಗಿ ಅಂಗಡಿ ಹಾಕಿದ್ರು. ಅವರ ಪೇಟಿಯಾ, ಕಾಂಚಳಿ ಒಳಗಿನ ಕನ್ನಡಿ ಕಸೂತಿ ಪರದೇಶದವರಿಗೆ ಭಾಳ ಸೇರಿತು. ಅವ್ವನ ಹಳೇ ಪೇಟಿಯಾ ಕತ್ತರಿಸಿ ಚೀಲ ಹೊಲದು ಮಾರಿದ್ದೂ ಐತಿ. ಆದ್ರ ಅಲ್ಲಿ ಮಾರೂವಾಕಿ ಕಣ್ಣ ಮುಂದ ಕುಂತಿರತಾಳ. ಇದು ಯಾರದವ್ವಾ ಅಂತ ಕೇಳಿದ್ರ ಹೇಳತಾಳ, ಕಿಮ್ಮತ್ತೂ ಆಕೀನ ಕಟ್ಟತಾಳ. ಅಂಗಡ್ಯಾಗಿನ ಧೂಳದಾಗ ಬಿದ್ದ ಕೊಡಕ್ಕ ಆ ಬಾಯಿ ಇಲ್ಲ.

ಹಳೇದನ್ನ ಹೆಸರ ಸಮೇತ ಉಳಿಸಿದವರೂ ಕರಾವಳಿಯೊಳಗ ಇದ್ರು. ಮಣಿಪಾಲದ ವಿಜಯನಾಥ ಶೆಣೈ ಅವರು ಬ್ಯಾಂಕಿನ್ಯಾಗ ನೌಕರಿ ಮಾಡಕೋತ, ಮಂದಿ ಕೆಡವತಿದ್ದ ಹಳೇ ಮನಿಗಳನ್ನ ಬಿಚ್ಚಿಸಿ ತಂದು ಹೊಳ್ಳಿ ಹಂಗ ಕಟ್ಟಿಸಿದ್ರು. 2017ರಾಗ ಅವರು ತೀರಿಕೊಂಡ್ರು, ಆದ್ರ ಅವರ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಐತಿ. ಅಲ್ಲಿ ನಮ್ಮ ಕಡೆಯ ಕುಕನೂರಿನ ಕಮಲ ಮಹಲ, ಮುಧೋಳ ಅರಮನಿಯ ದರಬಾರ ಹಾಲ ಅದಾವು. ಇದು ಎಲ್ಲಿಂದ ಬಂತು ಅನ್ನೂದು ಪ್ರತಿಯೊಂದಕ್ಕೂ ಹೇಳತಾರ. ಹಳೇದು ಕೊಂಡ್ರ ಹಿಂಗ ಕೊಳ್ಳಬೇಕು ಅನಸಿತು ನನಗ: ವಸ್ತು ಬಂದ್ರ ಅದರ ಹೆಸರೂ ಜೋಡಿ ಬರಬೇಕು.

ನೀವು ಕರಾವಳಿ ಕಡೆ ಹ್ವಾದಾಗ ಇಂಥ ಅಂಗಡ್ಯಾಗ ಇಳದ್ರ ನನ್ನ ಎರಡ ಮಾತ ನೆನಪಿಡ್ರಿ. ಒಂದು, ದೇವರ ಮೂರ್ತಿ ತಗೋಬ್ಯಾಡ್ರಿ, ಅದು ಯಾವ ಗುಡಿಯಿಂದ ಎದ್ದು ಬಂದೈತೋ. ನೂರ ವರ್ಷ ದಾಟಿದ ಮೂರ್ತಿಗೆ 1972ರ ಕಾಯ್ದೆ ಬ್ಯಾರೆ ಐತಿ. ಪರದೇಶದಾಗಿನ ಮಗಳಿಗೆ ಕಳಸ್ತೇನಿ ಅಂದ್ರ ನಡಿಯೂದಿಲ್ಲ. ಇನ್ನೊಂದು, ಕಿಮ್ಮತ್ತ ಕೇಳೂಕಿಂತ ಮೊದಲ ಇದು ಯಾವ ಊರಿನ ಮನ್ಯಾಗಿಂದ ಬಂತು ಅಂತ ಕೇಳ್ರಿ. ಚಲೋ ಅಂಗಡಿಯಾಂವ ಗೊತ್ತಿದ್ದಷ್ಟ ಹೇಳತಾನ.

ನಾ ಆ ಮಾತ ತಡಾ ಕೇಳಿದೆ. ಬಿಲ್ಲಿನ ಮ್ಯಾಲಿನ ನಂಬರಿಗೆ ಫೋನ್ ಹಚ್ಚಿದೆ. ಅಂಗಡಿಯಾಂವ ನೆನಪ ಮಾಡಿಕೊಂಡು ಹೇಳಿದ: ಅದು ಕುಮಟಾ ಕಡೆಯ ಒಂದ ಮನೀದು. ಅಜ್ಜಿ ತೀರಿದ ಮ್ಯಾಲ ಮನಿ ಮಾರಿದ್ರು. ಮಕ್ಕಳು ಮುಂಬಯಿಯೊಳಗ ಅದಾರ, ಅಲ್ಲಿ ಸಣ್ಣ ಮನಿ, ಇಡಾಕ ಜಾಗಾ ಇಲ್ಲ. ಅಟ್ಟದ ಮ್ಯಾಲಿನದೆಲ್ಲಾ ಒಟ್ಟಿಗೆ ಕೊಟ್ರು.

ಅತ್ತಿಗೆ ಹೇಳಿದೆ. ಜಪ್ತಿ ಅಲ್ಲ, ಬರ ಅಲ್ಲ, 1958ರಾಗ ಬ್ರಿಟಿಷರೂ ಇದ್ದಿದ್ದಿಲ್ಲ, ಅಂತ. ಅತ್ತಿ ಸ್ವಲ್ಪ ಹೊತ್ತ ಸುಮ್ಮನಿದ್ರು. "ಹಂಗಾರ ಆಕಿ ಇರೂತನಾ ಕೊಟ್ಟಿಲ್ಲ" ಅಂದ್ರು. ಅವತ್ತ ಸಂಜಿಕ ಕೊಡ ತುಂಬಿಸಿ ಪಡಸಾಲ್ಯಾಗ ಇಡಿಸಿಕೊಂಡ್ರು. ನೀರ ಕುಡೂದಕ್ಕಿಂತ ಮೊದಲ ಆ ಹೆಣ್ಣಮಗಳ ಹೆಸರ ನನ್ನ ಕಡೆ ಎರಡ ಸಲ ಓದಿಸಿ ಕೇಳಿದ್ರು. ಈಗ ನಮ್ಮ ಮನ್ಯಾಗ ಅದಕ್ಕ ಆಕಿ ಹೆಸರ: ಆಕೀ ಕೊಡದಾಗಿನ ನೀರ ತಾ, ಅಂತಾರ.

ನಾನು ಸ್ಟೀಲಿನ ಚ್ಯಾಷ್ಟಿ ಬಿಟ್ಟೇನಿ. ಎರಡ ಡಬ್ಬಿಯೊಳಗ ಒಂದು ಇನ್ನೂ ಐತಿ, ಸಾಸಿವಿ ಹಾಕೇವಿ. ಮಕ್ಕಳಿಗೂ ಖರೇ ಕತಿ ಹೇಳೇನಿ.

ಕೊಡದ ಮ್ಯಾಲಿನ ಹೆಸರ ಇಲ್ಲಿ ಬೇಕಂತ ಬರದಿಲ್ಲ. ಕುಮಟಾ ಕಡೆಯವರು ಯಾರಾದ್ರೂ ಓದಿ, ಇದು ನಮ್ಮ ಅಜ್ಜೀದ ಇರಬೇಕು ಅನಿಸಿದ್ರ, 1958ರ ಹಿಂದಿನ ಹೆಸರ ನನಗ ಹೇಳ್ರಿ. ಹೊಂದಿದ್ರ ಕೊಡ ನಿಮ್ಮದು. 2,200 ರೂಪಾಯಿ ಬ್ಯಾಡ, ಒಂದ ಸಲ ಬಂದು ನಮ್ಮ ಅತ್ತಿ ಕೈಯಾಗಿಂದ ತಗೊಂಡು ಹೋಗ್ರಿ. ಜ್ವಾಳದ ರೊಟ್ಟಿ ಮಾಡಿರತೇವಿ.