ಉಬ್ಬುವ ರೊಟ್ಟಿ, ಹುಳಿಯುವ ಹಿಟ್ಟು

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಅಡಿಗೆಮನೆಗಳಿಗೆ ಈಸ್ಟ್ ಹೊಸದು. ಆದರೆ ಹಿಟ್ಟನ್ನು ಉಬ್ಬಿಸುವ ವಿದ್ಯೆ ಹೊಸದಲ್ಲ. ಹಂಚಿನ ಮೇಲಿನ ಜೋಳದ ರೊಟ್ಟಿಯನ್ನೇ ನೋಡಿ. ಬಿಸಿನೀರು ಹಾಕಿ ನಾದಿದ ಹಿಟ್ಟಿನೊಳಗಿನ ತೇವ ಹಬೆಯಾಗಿ, ಎರಡು ಪದರಗಳ ನಡುವೆ ಸಿಕ್ಕಿಕೊಂಡು ರೊಟ್ಟಿಯನ್ನು ಎತ್ತುತ್ತದೆ. ಈಸ್ಟ್ ಹಾಕಿದರೂ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ಈಸ್ಟ್ ಬಿಡುವ ಅನಿಲವನ್ನು ಹಿಡಿದಿಡಲು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಬೇಕು, ಜೋಳದಲ್ಲಿ ಅದಿಲ್ಲ. ಜೋಳ ಉಣ್ಣುವ ನಾಡಿನಲ್ಲಿ ಬ್ರೆಡ್ ಹುಟ್ಟಲಿಲ್ಲವೆಂದರೆ ಅದು ಅಡಿಗೆಯವರ ಅಜ್ಞಾನವಲ್ಲ, ಧಾನ್ಯದ ಗುಣ. ಇಲ್ಲಿನವರು ಜೋಳವನ್ನು ಹುಳಿ ಬರಿಸಿ ಅಂಬಲಿ ಮಾಡಿಕೊಂಡರು.

ಹುದುಗಿನ ಚರ್ಚೆ ನಿಜವಾಗಿ ಬಿಸಿಯೇರುವುದು ಇಡ್ಲಿಯ ಸುತ್ತ. ಸುಮಾರು ಕ್ರಿ.ಶ. 920ರ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಮಾಡುವ ಕ್ರಮವೇ ಇದೆ: ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಕೂಡಿಸಬೇಕು. (ಮುಧೋಳದ ಕವಿ ರನ್ನ ಬಾಳಿದ್ದು ಈ ಎರಡು ಗ್ರಂಥಗಳ ನಡುವಿನ ಕಾಲದಲ್ಲಿ.) ಇಲ್ಲಿ ಅಕ್ಕಿಯಿಲ್ಲ, ರಾತ್ರಿಯಿಡೀ ಹುದುಗಿಸುವ ಮಾತಿಲ್ಲ. ಇದನ್ನೇ ಹಿಡಿದು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ, ಹುದುಗಿಸಿ ಹಬೆಯಲ್ಲಿ ಬೇಯಿಸುವ ಕ್ರಮ ಇಂಡೋನೇಷ್ಯಾದಿಂದ ಬಂದಿರಬಹುದೆಂದು ಊಹಿಸಿದರು. ಊಹೆ ಸ್ವಾರಸ್ಯಕರವೇನೋ ಹೌದು, ಒಪ್ಪುವುದು ಕಷ್ಟ. ಮಜ್ಜಿಗೆ, ಮೊಸರಿನ ತಿಳಿಯಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಇದ್ದೇ ಇರುತ್ತವೆ. ಈ ಬಿಸಿಲಿನಲ್ಲಿ ರುಬ್ಬಿದ ಹಿಟ್ಟು ಒಂದು ರಾತ್ರಿ ಉಳಿದರೆ ತಾನಾಗಿ ಉಬ್ಬುತ್ತದೆ. ಗ್ರಂಥದಲ್ಲಿ ಬರೆಯದ್ದನ್ನೆಲ್ಲ ಅಡಿಗೆಮನೆಯ ಹೆಂಗಸರು ಅರಿತಿರಲಿಲ್ಲ ಎನ್ನುವುದು ಹೇಗೆ?

ಬ್ರೆಡ್ಡಿನ ದಾರಿ ಬೇರೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಗೆ ಈಸ್ಟ್ ಸಿಗದೆ ತೆಂಗಿನ ಹೆಂಡದಿಂದ ಹಿಟ್ಟು ಹುದುಗಿಸಬೇಕಾಯಿತು. ಆ ಪಾವ್ ಮುಂಬಯಿ ಸೇರಿತು. ಹೆಂಡ ಬೆರೆತ ರೊಟ್ಟಿಯನ್ನು ಮಡಿವಂತ ಮನೆಗಳು ಬಹುಕಾಲ ಹೊರಗೇ ಇಟ್ಟವು. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ವಿಲೀನವಾದದ್ದೂ ಮುಂಬಯಿ ಪ್ರಾಂತಕ್ಕೇ.

ಹುದುಗುವಿಕೆ ಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ ತೋರಿಸಿದ್ದು 1857ರಲ್ಲಿ. ಅಡಿಗೆ ಸೋಡಾಕ್ಕೆ ಜೀವವಿಲ್ಲ. ಹುಳಿ ತಾಗಿದೊಡನೆ ಅನಿಲ ಬಿಡುತ್ತದೆ. ತತ್ತಿ ಮುಟ್ಟದ ಮನೆಗಳಲ್ಲಿ ಕುಕ್ಕರಿನ ತಳಕ್ಕೆ ಉಪ್ಪು ಹಾಕಿ ಕಾಯಿಸಿ ಬೇಯಿಸುವ ಕೇಕಿಗೆ ಮೊಸರು ಸೇರಿಸುವುದು ಇದಕ್ಕಾಗಿಯೇ. ಕಲಸಿದ ಮೇಲೆ ತಡಮಾಡಿದರೆ ಅನಿಲ ಹೊರಟುಹೋಗಿ ಕೇಕ್ ಕುಸಿಯುತ್ತದೆ. ಈಸ್ಟಿಗೆ ಸಮಯ ಬೇಕು, ಆದರೆ ಪುಸ್ತಕ ಹೇಳಿದಷ್ಟಲ್ಲ. ಚಳಿ ದೇಶದ ಎರಡು ಗಂಟೆ ಇಲ್ಲಿನ ಏಪ್ರಿಲ್‌ಗೆ ವಿಪರೀತ. ತಣ್ಣೀರಿನಲ್ಲಿ ನಾದಿದರೂ ಗಂಟೆಯೊಳಗೆ ಹಿಟ್ಟು ಇಮ್ಮಡಿಯಾಗಿರುತ್ತದೆ.